ಒಂದನೇ ತರಗತಿಗೆ ಹೂವು, ಆರನೇ ತರಗತಿಗೆ ದಾರಿ ಎಲ್ಲಿ?

ಮೇ ತಿಂಗಳ ಕೊನೆಯಲ್ಲಿ ಅಕ್ಕನ ಮಗಳನ್ನು ಶಾಲೆಗೆ ಸೇರಿಸಲು ಹನೂರು ತಾಲ್ಲೂಕಿನ ಕಾಡಂಚಿನಲ್ಲಿರುವ ಅವರ ಹಳ್ಳಿಗೆ ಹೋಗಿದ್ದೆ. ಸೋದರಮಾವ ಎಂದ ಮೇಲೆ ಹೊಸ ಬ್ಯಾಗು ನನ್ನ ಪಾಲಿನದು. ಕೊಳ್ಳೇಗಾಲದ ಅಂಗಡಿಯಲ್ಲಿ ಚೌಕಾಸಿ ಮಾಡಿ ಗುಲಾಬಿ ಬಣ್ಣದ ಬ್ಯಾಗು ಕೊಂಡೆ. ಎರಡು ಬಸ್ಸು ಬದಲಾಯಿಸಿ, ಕೊನೆಗೆ ಯಾರದೋ ಬೈಕಿನ ಹಿಂದೆ ಕುಳಿತು ಊರು ಸೇರಿದೆ.

ಮರುದಿನ ಶಾಲೆಯ ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಗೋಡೆಗೆ ಬಲೂನು. ಹೊಸದಾಗಿ ಸೇರಿದ ನಾಲ್ಕು ಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ತಮಟೆ ಬಡಿದುಕೊಂಡು ಊರಿನ ಬೀದಿಯಲ್ಲಿ ಕರೆತಂದರು. ಎಸ್‌ಡಿಎಂಸಿ ಅಧ್ಯಕ್ಷರು ಒಬ್ಬೊಬ್ಬರಿಗೂ ಗುಲಾಬಿ ಕೊಟ್ಟರು. ಪಠ್ಯಪುಸ್ತಕದ ಕಟ್ಟು ಕೈಗೆ ಬಂತು. ಮಧ್ಯಾಹ್ನ ಬಿಸಿಯೂಟದ ಜೊತೆಗೆ ಪಾಯಸ. ನನ್ನ ಸೊಸೆಗೆ ಗಾಡಿಯಿಂದ ಇಳಿಯಲು ಮನಸ್ಸೇ ಇರಲಿಲ್ಲ.

ಆ ಸಂಭ್ರಮದ ನಡುವೆ ಗೇಟಿನ ಹತ್ತಿರ ಒಬ್ಬ ಹುಡುಗ ನಿಂತಿದ್ದ. ಹಳೆಯ ಸಮವಸ್ತ್ರದ ಅಂಗಿ, ಕೆಳಗೆ ಬಣ್ಣದ ಚಡ್ಡಿ. ಒಳಗೆ ಬಾ ಎಂದೆ. ‘ತಂಗಿನ ಬಿಡಾಕೆ ಬಂದೆ ಸಾ. ನಂದು ಐದಾಯ್ತು. ಇಲ್ಲಿ ಇರದೇ ಐದು’ ಎಂದ. ಆರನೇ ತರಗತಿಗೆ ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದೆ. ಅವನು ಕಾಡಿನ ಕಡೆ ಕೈ ತೋರಿಸಿ ಸುಮ್ಮನಾದ. ಆ ದಿಕ್ಕಿನಲ್ಲಿ ಏಳು ಕಿಲೋಮೀಟರ್ ದೂರಕ್ಕೆ ಹಿರಿಯ ಪ್ರಾಥಮಿಕ ಶಾಲೆ ಇದೆ. ನಡುವೆ ಆನೆಗಳು ಓಡಾಡುವ ದಾರಿ. ಅವನಿಗೂ ಒಂದು ಲೋಟ ಪಾಯಸ ಸಿಕ್ಕಿತು. ಪುಸ್ತಕ ಸಿಗಲಿಲ್ಲ. ಅವನ ಹೆಸರು ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನಿಲ್ಲ. ಬೇರೆ ಯಾವ ಶಾಲೆಯ ಪುಸ್ತಕಕ್ಕೂ ಅದು ಇನ್ನೂ ಸೇರಿಲ್ಲ.

ಪ್ರಾರಂಭೋತ್ಸವ ಬೇಡ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಹಬ್ಬವನ್ನು ನಾವು ತಪ್ಪಾದ ಹೊಸ್ತಿಲಲ್ಲಿ ಮಾಡುತ್ತಿದ್ದೇವೆ ಎನ್ನುವುದು ನನ್ನ ಮಾತು.

ಮೊದಲ ಹೊಸ್ತಿಲು ದಾಟಿ ಆಗಿದೆ

ನಮ್ಮ ಅಜ್ಜಿಯರ ಕಾಲದಲ್ಲಿ ಒಂದನೇ ತರಗತಿಗೆ ಸೇರುವುದೇ ದೊಡ್ಡ ಸಂಗತಿಯಾಗಿತ್ತು. ಆಗ ಮಕ್ಕಳನ್ನು ಶಾಲೆಗೆ ಕರೆತರಲು ಜಾಥಾ, ತಮಟೆ, ಮನೆಮನೆ ಭೇಟಿ ಎಲ್ಲವೂ ಬೇಕಿತ್ತು. ಈಗ ಹಾಗಿಲ್ಲ. ಉಚಿತ ಪಠ್ಯಪುಸ್ತಕ, ಸಮವಸ್ತ್ರ, ಶೂ, ಹಾಲು, ರಾಗಿ ಮಾಲ್ಟ್, ಬಿಸಿಯೂಟ, ಮೊಟ್ಟೆ ಅಥವಾ ಬಾಳೆಹಣ್ಣು ಇವೆಲ್ಲ ಸೇರಿ ಆ ಕೆಲಸವನ್ನು ಬಹುಮಟ್ಟಿಗೆ ಮುಗಿಸಿವೆ. ಊರಲ್ಲೇ ಶಾಲೆ ಇದ್ದರೆ ಬಡವರೂ ಮಗುವನ್ನು ಒಂದನೇ ತರಗತಿಗೆ ಕಳುಹಿಸುತ್ತಾರೆ.

ಈ ಸೌಲಭ್ಯಗಳು ನಮ್ಮ ಕಡೆಗೆ ತಡವಾಗಿಯೇ ಬಂದವು. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಕಾಮರಾಜರು ಮದ್ರಾಸ್ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ವಿಸ್ತರಿಸುತ್ತಿದ್ದ ದಿನಗಳಲ್ಲೇ ನಾವು ಆ ರಾಜ್ಯ ಬಿಟ್ಟು ಈ ಕಡೆ ಬಂದೆವು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮಲ್ಲಿಗೆ ಬಂತು. ಇಂದು ಪಾಲಾರ್ ದಾಟಿ ತಮಿಳುನಾಡಿಗೆ ಕಾಲಿಟ್ಟರೆ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿಯೂ ಇದೆ. ಅಂದರೆ ಮಗುವನ್ನು ಶಾಲೆಗೆ ತರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸರ್ಕಾರಗಳಿಗೆ ಗೊತ್ತಿದೆ. ಗೊತ್ತಿರುವ ಉತ್ತರವನ್ನು ಜಾರಿಗೆ ತಂದಾಗ ಫಲವೂ ಸಿಕ್ಕಿದೆ.

ಹಾಗಾದರೆ ನಮ್ಮ ಮಕ್ಕಳು ಕಳೆದುಹೋಗುವುದು ಎಲ್ಲಿ? ಐದರಿಂದ ಆರಕ್ಕೆ ಹೋಗುವಾಗ, ಏಳರಿಂದ ಎಂಟಕ್ಕೆ ಹೋಗುವಾಗ. ಕಿರಿಯ ಪ್ರಾಥಮಿಕ ಶಾಲೆ ಐದಕ್ಕೆ ಮುಗಿಯುತ್ತದೆ. ಅನೇಕ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ಮುಗಿಯುತ್ತವೆ. ಪ್ರೌಢಶಾಲೆ ಇನ್ನೆಲ್ಲೋ ಇರುತ್ತದೆ. ಶಾಲೆ ಬದಲಾಗುವ ಈ ಎರಡು ಜಾಗಗಳಲ್ಲಿ ಮಗುವಿನ ಕೈ ಹಿಡಿಯುವವರು ಯಾರೂ ಇಲ್ಲ. ತೋರಣವೂ ಇಲ್ಲ, ಗಾಡಿಯೂ ಇಲ್ಲ.

ಮೂರು ತಾಲ್ಲೂಕು, ಮೂರು ಬಗೆ

ನಮ್ಮ ಮೂರು ತಾಲ್ಲೂಕುಗಳನ್ನೇ ನೋಡಿ. ಯಳಂದೂರು ರಾಜ್ಯದ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. ಬಯಲಿನ ಹಳ್ಳಿಗಳು ಹತ್ತಿರ ಹತ್ತಿರ ಇವೆ, ಬಸ್ಸು ಇದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಕೊಳ್ಳೇಗಾಲದ ಸುತ್ತಮುತ್ತಲೂ ಹೀಗೆಯೇ. ಇಲ್ಲಿನ ಸಮಸ್ಯೆ ಬೇರೆ. ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನುಗಳು ಹಳ್ಳಿಗೆ ಬಂದು ಇಂಗ್ಲಿಷ್ ಮಾಧ್ಯಮದ ಆಸೆ ತೋರಿಸಿ ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಇಲ್ಲಿ ಪ್ರಾರಂಭೋತ್ಸವ ಎಂದರೆ ಸರ್ಕಾರಿ ಶಾಲೆ ಆ ವ್ಯಾನಿನ ಜೊತೆ ಮಾಡುವ ಪೈಪೋಟಿ. ಆದರೂ ಇಲ್ಲಿನ ಮಗು ಒಂದಲ್ಲ ಒಂದು ಶಾಲೆಯಲ್ಲಿ ಇರುತ್ತದೆ.

ಅದೇ ಯಳಂದೂರಿನಿಂದ ಘಾಟಿ ಹತ್ತಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಪುರಾಣಿ, ಕೆರೆದಿಂಬ, ಗೊಂಬೆಗಲ್ಲು ಮೊದಲಾದ ಸೋಲಿಗರ ಪೋಡುಗಳು ಹುಲಿ ಸಂರಕ್ಷಿತ ಪ್ರದೇಶದ ಒಳಗಿವೆ. ಇಲ್ಲಿ ಒಂದು ಉತ್ತರವೂ ಹುಟ್ಟಿತು. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಬೆಟ್ಟದ ಮೇಲೆಯೇ ಶಾಲೆಯೂ ಹಾಸ್ಟೆಲ್ಲೂ ಬಂದವು. ಸೋಲಿಗ ಸಮುದಾಯದ ಡಾ. ಸಿ. ಮಾದೇಗೌಡರಂಥವರು ಪಿಎಚ್.ಡಿ.ವರೆಗೆ ಓದಿದರು, ಅರಣ್ಯ ಹಕ್ಕಿನ ಹೋರಾಟದಲ್ಲಿ ಮುಂದೆ ನಿಂತರು. ಪೋಡಿನ ಮಗು ಓದುವುದಿಲ್ಲ ಎಂಬ ಮಾತು ಸುಳ್ಳು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಂದಿನ ತರಗತಿ ಕೈಗೆ ಎಟುಕುವಂತಿದ್ದರೆ ಮಗು ಮುಂದೆ ಹೋಗುತ್ತದೆ.

ಹನೂರಿನಲ್ಲಿ ಆ ‘ಎಟುಕುವುದು’ ಎಂಬುದೇ ಕಷ್ಟ. 2018ರವರೆಗೆ ನಾವು ಕೊಳ್ಳೇಗಾಲ ತಾಲ್ಲೂಕಿನವರೇ. ಆಮೇಲೆ ಪ್ರತ್ಯೇಕ ತಾಲ್ಲೂಕಾದೆವು. ಒಂದು ಕಡೆ ಕಾವೇರಿ ವನ್ಯಜೀವಿಧಾಮ, ಇನ್ನೊಂದು ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ. ಇಂಡಿಗನತ್ತ, ಮೆಂದಾರೆ, ಪಡಸಲನತ್ತ, ತುಳಸಿಕೆರೆ, ದೊಡ್ಡಾಣೆ ಹೀಗೆ ಕಾಡೊಳಗಿನ ಊರುಗಳು ಎಷ್ಟೋ. ಮಾದಪ್ಪನ ಬೆಟ್ಟಕ್ಕೆ ಬರುವ ಭಕ್ತರಿಗೆ ಡಾಂಬರು ರಸ್ತೆಯಿದೆ. ಬೆಟ್ಟದ ಹಿಂದಿನ ಊರಿನ ಮಗುವಿಗೆ ಕಲ್ಲು ಮುಳ್ಳಿನ ಹಾದಿ. ‘ಶಕ್ತಿ’ ಯೋಜನೆಯಿಂದ ಟಿಕೆಟ್ ಉಚಿತವಾಯಿತು ನಿಜ. ಬಸ್ಸೇ ಬರದ ಊರಿಗೆ ಉಚಿತ ಟಿಕೆಟ್ಟಿನಿಂದ ಆಗುವುದೇನು?

2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾದ ಸುದ್ದಿ ಎಲ್ಲರೂ ಓದಿದ್ದೇವೆ. ರಸ್ತೆ ಮತ್ತು ಮೂಲಸೌಕರ್ಯ ಕೊಟ್ಟಿಲ್ಲ ಎಂದು ಊರಿನವರು ಮತದಾನ ಬಹಿಷ್ಕರಿಸಿದ್ದರು. 29ರಂದು ಮರುಮತದಾನ ನಡೆಯಿತು. ಮತಯಂತ್ರ ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಾದ ಒಂದು ತಿಂಗಳಿಗೆ ರಾಜ್ಯದಾದ್ಯಂತ ಪ್ರಾರಂಭೋತ್ಸವ ನಡೆಯಿತು ಎನ್ನುವುದನ್ನೂ ನೆನಪಿಡಬೇಕು. ಆ ಊರಿನವರು ಕೇಳಿದ್ದ ರಸ್ತೆ, ಆಸ್ಪತ್ರೆಗೆ ಹೋಗುವ ರಸ್ತೆಯಂತೆ ಶಾಲೆಗೆ ಹೋಗುವ ರಸ್ತೆಯೂ ಹೌದು. 2025ರ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟದ ಸಭೆ ಮಲೆ ಮಹದೇಶ್ವರ ಬೆಟ್ಟದಲ್ಲೇ ಸೇರಿತ್ತು. ವಿಧಾನಸೌಧ ಒಂದು ದಿನದ ಮಟ್ಟಿಗೆ ನಮ್ಮ ಬೆಟ್ಟ ಹತ್ತಿತು. ನಮ್ಮ ಮಕ್ಕಳು ಆರನೇ ತರಗತಿಗೆ ದಿನಾ ಬೆಟ್ಟ ಇಳಿದು ಹತ್ತಬೇಕು.

ನನ್ನ ಮನೆಯ ಲೆಕ್ಕ

ಇದು ನನಗೆ ಸುದ್ದಿಯಿಂದ ತಿಳಿದ ವಿಷಯವಲ್ಲ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ನಮ್ಮೂರಿನ ಶಾಲೆಯಲ್ಲಿ ಏಳರವರೆಗೆ ಅವಳೇ ಮೊದಲು. ಪ್ರೌಢಶಾಲೆ ಒಂಬತ್ತು ಕಿಲೋಮೀಟರ್. ಆಗ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡುತ್ತಿತ್ತು. ಮೇಷ್ಟ್ರು ಮನೆಗೆ ಬಂದು, ಸೈಕಲ್ ಸಿಗುತ್ತದೆ, ಕಳಿಸಿ ಎಂದರು. ಅಪ್ಪ ಕೇಳಿದ್ದು ಒಂದೇ ಮಾತು: ‘ಸೈಕಲ್ ಕೊಡ್ತೀರ, ಜೊತೇಲಿ ಬರೋರು ಯಾರು?’ ಮೇಷ್ಟ್ರ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಅಕ್ಕ ನಿಂತಳು. ಎರಡು ವರ್ಷದ ನಂತರ ಅದೇ ದಾರಿಯಲ್ಲಿ, ಅದೇ ಬಗೆಯ ಸೈಕಲ್ಲಿನಲ್ಲಿ ನಾನು ಹೋದೆ. ಗಂಡು ಹುಡುಗ, ಹೇಗೋ ಹೋಗಿ ಬರುತ್ತಾನೆ ಎಂದರು. ನಾನು ಬಿ.ಎ., ಬಿ.ಇಡಿ. ಮುಗಿಸಿದೆ. ಬುದ್ಧಿಯಲ್ಲಿ ಅವಳು ನನಗಿಂತ ಮುಂದಿದ್ದಳು ಎಂದು ಈಗಲೂ ಹೇಳುತ್ತೇನೆ. ಆ ಸೈಕಲ್ ಯೋಜನೆಯೂ ಕೋವಿಡ್ ಬಂದ ಮೇಲೆ ನಿಂತಿತು.

ಕೋವಿಡ್ ಇನ್ನೊಂದು ಪಾಠ ಹೇಳಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿ ಕೊನೆಗೆ ಮತ್ತೆ ತೆರೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಒಂದರಿಂದ ಐದನೇ ತರಗತಿ ಅಕ್ಟೋಬರ್ 25ರಂದು. ಆ ಒಂದೂವರೆ ವರ್ಷದಲ್ಲಿ ಐದನ್ನೋ ಏಳನ್ನೋ ಮುಗಿಸಿದ ಮಗುವಿಗೆ ತನ್ನ ಮುಂದಿನ ಶಾಲೆ ಯಾವುದು ಎಂದು ನೋಡುವ ಅವಕಾಶವೇ ಸಿಗಲಿಲ್ಲ. ಕೆಲವರು ಅಪ್ಪ ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೋ ತಿರುಪ್ಪೂರಿಗೋ ಹೋದರು. ಹೋದ ಎಲ್ಲರೂ ಮರಳಲಿಲ್ಲ. ನನ್ನ ಜೊತೆ ಕಬಡ್ಡಿ ಆಡುತ್ತಿದ್ದವರ ತಮ್ಮಂದಿರು ಅವರಲ್ಲಿದ್ದಾರೆ.

ಕಾನೂನು ಏನು ಹೇಳುತ್ತದೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಇದು ಬಾಯಿಪಾಠ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಎಂಟನೇ ತರಗತಿಯವರೆಗೆ ಉಚಿತ, ಕಡ್ಡಾಯ ಶಿಕ್ಷಣ. ಒಂದರಿಂದ ಐದಕ್ಕೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಶಾಲೆ ತೆರೆಯಲು ಆಗದ ಸಣ್ಣ ಊರುಗಳ ಮಕ್ಕಳಿಗೆ ವಾಹನ ಅಥವಾ ವಸತಿ ವ್ಯವಸ್ಥೆ ಮಾಡಬೇಕು. ಪರೀಕ್ಷೆಯಲ್ಲಿ ನಾವು ಒಂದು ಅಂಕಕ್ಕೆ ಬರೆಯುವ ಈ ಉತ್ತರ ಗೇಟಿನ ಹತ್ತಿರ ನಿಂತ ಹುಡುಗನಿಗೆ ಬದುಕಿನ ಪ್ರಶ್ನೆ. ಆರನೇ ತರಗತಿ ಅವನ ಹಕ್ಕು. ಯಾರೋ ದಯೆಯಿಂದ ಕೊಡುವುದಲ್ಲ.

ಕಾಡು ಅಡ್ಡಿ ಎನ್ನುತ್ತಾರೆ. ಅರಣ್ಯ ಹಕ್ಕು ಕಾಯ್ದೆ 2006ರ ಸೆಕ್ಷನ್ 3(2) ತೆರೆದು ನೋಡಿ. ಕಾಡಿನಲ್ಲಿ ವಾಸಿಸುವವರಿಗಾಗಿ ಶಾಲೆ, ಅಂಗನವಾಡಿ, ರಸ್ತೆ ಮೊದಲಾದ ಸೌಲಭ್ಯಗಳಿಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಿಟ್ಟುಕೊಡಲು ಅದರಲ್ಲಿ ಅವಕಾಶವಿದೆ. ಕಡಿಯಬಹುದಾದ ಮರಗಳಿಗೂ ಮಿತಿ ಇದೆ. ಹುಲಿಯೂ ಉಳಿಯಲಿ, ಮಗುವೂ ಓದಲಿ ಎಂದು ಯೋಚಿಸಿಯೇ ಬರೆದ ಸಾಲು ಅದು.

ಎಲ್ಲ ಊರಿಗೂ ಶಾಲೆ, ಎಲ್ಲ ಕಡೆಗೂ ಡಾಂಬರು ಆಗದು ಎನ್ನುವವರ ಮಾತಿನಲ್ಲೂ ಸತ್ಯವಿದೆ. ಐದು ಮಕ್ಕಳಿಗೆ ಮೂವರು ವಿಷಯ ಶಿಕ್ಷಕರನ್ನು ಕೊಡುವುದು ಕಷ್ಟ. ಆದರೆ ವಾಹನ ಕೊಡಬಹುದು. ಅದನ್ನು ನಮ್ಮಲ್ಲೇ ಮಾಡಿ ತೋರಿಸಿದ್ದಾರೆ. ಮಲೆ ಮಹದೇಶ್ವರ ವನ್ಯಜೀವಿಧಾಮದಲ್ಲಿ ಅರಣ್ಯ ಇಲಾಖೆ ಕೆಲವು ವರ್ಷಗಳ ಹಿಂದೆ ‘ಜನ-ವನ ಸಾರಿಗೆ’ ಹೆಸರಿನಲ್ಲಿ ಜೀಪುಗಳನ್ನು ಬಿಟ್ಟಿತು. ಕಾಡೊಳಗಿನ ಊರುಗಳ ವಿದ್ಯಾರ್ಥಿಗಳು, ರೋಗಿಗಳು ಅದರಲ್ಲಿ ಓಡಾಡಿದರು. ನೆರೆಯ ವಯನಾಡಿನಲ್ಲಿ ಬುಡಕಟ್ಟು ಮಕ್ಕಳನ್ನು ಜೀಪು, ಆಟೋಗಳಲ್ಲಿ ಶಾಲೆಗೆ ಕರೆದೊಯ್ಯುವ ಯೋಜನೆ ‘ಗೋತ್ರ ಸಾರಥಿ’ ಎಂದು ಶುರುವಾಗಿ ಈಗ ‘ವಿದ್ಯಾವಾಹಿನಿ’ ಆಗಿದೆ. ಅಲ್ಲಿಯೂ ಪ್ರವೇಶೋತ್ಸವ ಇದೆ, ನಮಗಿಂತ ಜೋರಾಗಿಯೇ ಮಾಡುತ್ತಾರೆ. ಆದರೆ ಹಬ್ಬದ ಮರುದಿನಕ್ಕೆ ವಾಹನವೂ ಇದೆ.

ಹಾಸ್ಟೆಲ್ ಇದೆಯಲ್ಲ ಎಂಬುದು ಇನ್ನೊಂದು ಉತ್ತರ. ಇದೆ, ಒಳ್ಳೆಯ ಕೆಲಸವನ್ನೂ ಮಾಡುತ್ತಿದೆ. ಆದರೆ ಹನ್ನೊಂದು ವರ್ಷದ ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು ದೂರ ಕಳಿಸಲು ಹೆದರುವ ಅಮ್ಮನನ್ನು ಅಜ್ಞಾನಿ ಎನ್ನಬಾರದು. ಮೊರಾರ್ಜಿ ಶಾಲೆಗೆ ಪ್ರವೇಶ ಪರೀಕ್ಷೆ ಇದೆ. ಅದರ ಅರ್ಜಿ ಹಾಕುವ ಕೊನೆಯ ದಿನ ಕಾಡಿನ ಊರಿಗೆ ತಲುಪುವಷ್ಟರಲ್ಲಿ ಎಷ್ಟೋ ಸಲ ದಿನ ಮುಗಿದಿರುತ್ತದೆ.

ನಿರುದ್ಯೋಗಿಯ ಮಾತು

ಈ ಪುಟ ಓದುವ ಹೆಚ್ಚಿನವರು ನನ್ನಂತೆಯೇ ಅಧಿಸೂಚನೆ ಕಾಯುವವರು. ನಾನು ಟಿಇಟಿ ಪಾಸಾಗಿದ್ದೇನೆ. 2024-25ರಲ್ಲಿ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಗೌರವಧನಕ್ಕೆ ಅತಿಥಿ ಶಿಕ್ಷಕನಾಗಿದ್ದೆ. 2025ರ ಬಜೆಟ್‌ನಲ್ಲಿ ಎರಡು ಸಾವಿರ ಹೆಚ್ಚಾಯಿತು. 2022ರಲ್ಲಿ ಆರರಿಂದ ಎಂಟನೇ ತರಗತಿಗೆ ಪಾಠ ಮಾಡುವ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಬಂತು. ಕೋರ್ಟು ಕಚೇರಿ ಸುತ್ತಿ ಆಯ್ಕೆಯಾದವರು ಶಾಲೆ ಸೇರಿದ್ದು 2023ರ ಕೊನೆಯಲ್ಲಿ. ಅಷ್ಟೂ ಹುದ್ದೆ ತುಂಬಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು ಸರ್ಕಾರ ನಿರ್ಧರಿಸಿತು. ಒಳಮೀಸಲಾತಿ ನ್ಯಾಯದ ಪ್ರಶ್ನೆ, ಅದು ಆಗಲೇಬೇಕಿತ್ತು. ಕಾಯುವವರ ವಯಸ್ಸು ಮಾತ್ರ ಅದರೊಡನೆ ನಿಂತು ಕಾಯುವುದಿಲ್ಲ.

ಶಾಲೆಯ ಗೇಟಿನಲ್ಲಿ ಆ ಹುಡುಗನನ್ನು ನೋಡಿದಾಗ ನನಗೆ ಅನಿಸಿದ್ದು ಇದು. ಅವನಿಗೆ ಆರನೇ ತರಗತಿ ಬೇಕು. ನನಗೆ ಆರನೇ ತರಗತಿಗೆ ಪಾಠ ಮಾಡುವ ಕೆಲಸ ಬೇಕು. ಇಬ್ಬರೂ ಒಂದೇ ಅಂಗಳದಲ್ಲಿ ನಿಂತಿದ್ದೇವೆ. ನಡುವೆ ಇರಬೇಕಾದ ತರಗತಿಯ ಕೋಣೆ ಮಾತ್ರ ಇಲ್ಲ. ಐದರವರೆಗಿನ ಶಾಲೆಗಳಲ್ಲಿ ಸಾಧ್ಯವಿರುವ ಕಡೆ ಎಂಟರವರೆಗೆ ತರಗತಿ ತೆರೆದರೆ ನಮ್ಮಿಬ್ಬರ ಪ್ರಶ್ನೆಗೂ ಒಂದೇ ಉತ್ತರ.

ಏನು ಮಾಡಬಹುದು?

ನನ್ನ ಸಲಹೆ ಚಿಕ್ಕದು, ಖರ್ಚಿಲ್ಲದ್ದು. ಪ್ರತಿ ಸರ್ಕಾರಿ ಶಾಲೆಯ ಪ್ರತಿ ಮಗುವಿಗೂ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಒಂದು ಸಂಖ್ಯೆ ಇದೆ. ಯಾವ ಮಗು ಯಾವ ಶಾಲೆಯಿಂದ ಯಾವ ಶಾಲೆಗೆ ಹೋಯಿತು ಎಂಬುದು ಅದರಲ್ಲಿ ತಿಳಿಯುತ್ತದೆ. ಪ್ರಾರಂಭೋತ್ಸವದ ದಿನ ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು ಎಂದು ಮೈಕಿನಲ್ಲಿ ಹೇಳುತ್ತಾರೆ. ಅದರ ಜೊತೆಗೆ ಇನ್ನೆರಡು ಸಾಲು ಓದಲಿ: ಏಪ್ರಿಲ್‌ನಲ್ಲಿ ಈ ಊರಿನಿಂದ ಐದು ಮತ್ತು ಏಳನೇ ತರಗತಿ ಮುಗಿಸಿದವರು ಎಷ್ಟು? ಇವತ್ತು ಅವರಲ್ಲಿ ಆರು ಮತ್ತು ಎಂಟನೇ ತರಗತಿಯಲ್ಲಿ ಕುಳಿತವರು ಎಷ್ಟು? ಕ್ಲಸ್ಟರ್‌ನ ಸಿಆರ್‌ಪಿ ಒಂದು ಗಂಟೆಯಲ್ಲಿ ಕೊಡಬಹುದಾದ ಲೆಕ್ಕ ಇದು. ಊರಿನ ಎದುರು ಓದಿದರೆ ಸಾಕು, ಮುಂದಿನ ಪ್ರಶ್ನೆಯನ್ನು ಊರೇ ಕೇಳುತ್ತದೆ.

ಎರಡನೆಯದು, ಆ ಎತ್ತಿನ ಗಾಡಿ ಆರನೇ ತರಗತಿಗೆ ಹೋಗುವವರನ್ನೂ ಹತ್ತಿಸಿಕೊಳ್ಳಲಿ. ಹೊಸ ಶಾಲೆಯ ಮೊದಲ ದಿನ ಹಳೆಯ ಶಾಲೆಯ ಮೇಷ್ಟ್ರೋ ಎಸ್‌ಡಿಎಂಸಿ ಸದಸ್ಯರೋ ಜೊತೆಯಲ್ಲಿ ಹೋಗಿ ಕೂರಿಸಿ ಬರಲಿ. ನಮ್ಮಪ್ಪ ಕೇಳಿದ ‘ಜೊತೇಲಿ ಬರೋರು ಯಾರು’ ಎಂಬ ಪ್ರಶ್ನೆಗೆ ಒಂದು ದಿನದ ಮಟ್ಟಿಗಾದರೂ ಉತ್ತರ ಸಿಗುತ್ತದೆ. ಇನ್ನುಳಿದ ದಿನಗಳಿಗೆ ವಾಹನ ಬೇಕು, ಅದನ್ನು ಕೇಳುವುದು ನಮ್ಮ ಕೆಲಸ. ಊರಿನಲ್ಲಿ ಓದಿದ ಯುವಕ ಯುವತಿಯರು ನಾವಿದ್ದೇವೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಸೆಕ್ಷನ್ ಹೆಸರು ಹೇಳಿ ಕೇಳಲು ನಮಗಾದರೂ ಬರಬೇಕಲ್ಲ.

ಮೂರನೆಯದು ದೀಪಾವಳಿಯ ನಂತರದ ಹಾಜರಿ. ಶಾಲೆಯ ಎರಡನೇ ಅವಧಿ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಕಾಫಿ ಕೊಯ್ಲಿಗೆ ಕುಟುಂಬಗಳು ಹೊರಡುವುದು ಆ ನಂತರವೇ. ಜೂನ್ ತಿಂಗಳ ದಾಖಲಾತಿಗಿಂತ ಡಿಸೆಂಬರ್ ತಿಂಗಳ ಹಾಜರಿ ನಿಜ ಹೇಳುತ್ತದೆ. ಶುರುವಿನಲ್ಲಿ ಅಬ್ಬರಿಸಿ ನಡುದಾರಿಯಲ್ಲಿ ಕೈಬಿಡುವವರನ್ನು ನಮ್ಮ ಹಿರಿಯರು ಆರಂಭಶೂರರು ಎನ್ನುತ್ತಿದ್ದರು. ಪ್ರಾರಂಭೋತ್ಸವಕ್ಕೆ ಆ ಹೆಸರು ಬರಬಾರದು.

ಹಬ್ಬ ಮುಗಿದು ಮನೆಗೆ ಬಂದ ಮೇಲೆ ಅಕ್ಕ ಪಾತ್ರೆ ತೊಳೆಯುತ್ತ, ತಲೆ ಎತ್ತದೆ ಕೇಳಿದಳು: ‘ಐದಾದ್ ಮೇಲೆ ಇವಳ್ನ ಎಲ್ಲಿಗ್ ಕಳ್ಸದು?’ ಇನ್ನೂ ಐದು ವರ್ಷ ಇದೆಯಲ್ಲ ಎಂದೆ. ‘ನಂಗೂ ಹಂಗೇ ಅಂದಿದ್ರು’ ಎಂದಳು.

ಲೆಕ್ಕ ಹಾಕಿದೆ. ನನ್ನ ಸೊಸೆ ಆರನೇ ತರಗತಿಗೆ ಹೋಗಬೇಕಾದದ್ದು 2030ರಲ್ಲಿ. ಎಲ್ಲ ಮಕ್ಕಳೂ ಪ್ರೌಢಶಿಕ್ಷಣ ಮುಗಿಸುವಂತಾಗಬೇಕು ಎಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬರೆದಿರುವ ಗಡುವೂ 2030. ಆ ಹುಡುಗನಿಗೆ ಅಷ್ಟು ಸಮಯವೂ ಇಲ್ಲ. ನಾನು ಹೊರಡುವ ದಿನ ಅವನನ್ನು ಅವನ ಅಪ್ಪನ ಜೊತೆ ಬೈಕಿನಲ್ಲಿ ಕೂರಿಸಿ, ಏಳು ಕಿಲೋಮೀಟರ್ ಆಚೆಯ ಶಾಲೆಗೆ ಕರೆದೊಯ್ದು ಸೇರಿಸಿದೆವು. ಹೆಡ್‌ಮಾಸ್ಟರು ಪುಸ್ತಕ ಕೊಟ್ಟರು. ದಿನಾ ಹೇಗೆ ಬರುತ್ತಾನೆ ಎಂದು ಅವರೂ ಕೇಳಿದರು. ಅವನ ಅಪ್ಪ ನನ್ನ ಮುಖ ನೋಡಿದರು.